ಮೂರು ದೇಶದ ಗಡಿಗಲ್ಲು, ನಮ್ಮ ತೋಟದ ಅಗಳು

"ಜರ್ಮನಿಗೆ ಹೋಗಿ ಇಷ್ಟು ದಿನ ಆಯ್ತು, ನೋಡಿದ ಊರುಗಳ ಬಗ್ಗೆ ಒಂದಾದರೂ ಬರಿ ಮಾರಾಯ" ಅಂತ ಬ್ಲಾಗಿಗ ಗೆಳೆಯರು ಮೇಲ್ ಮೇಲೆ ಮೇಲ್ ಹಾಕುತ್ತಿದ್ದಾರೆ. ಬರೆಯಬಾರದು ಅಂತಲ್ಲ. ಆದರೆ ಇಲ್ಲಿ ಓದಲು ಬಂದವನ ದಿನಚರಿಯಲ್ಲಿ ಊರು ನೋಡುವುದಕ್ಕೆ ಸಿಗುವುದು ಭಾನುವಾರ ಮಾತ್ರ. ಅದೂ ಯಾಕೆಂದರೆ ಭಾನುವಾರ ಇಲ್ಲಿ ಅಂಗಡಿಗಳೆಲ್ಲ ಬಂದ್, ಬೇರೇನೂ ಮಾಡಲಿಕ್ಕೆ ಇರುವುದಿಲ್ಲ :-) ಶನಿವಾರ ಸಂಜೆಯೊಳಗೆ ಹಾಲು ತಂದಿಡದಿದ್ದರೆ ಸೋಮವಾರ ಬೆಳಗ್ಗಿನವರೆಗೆ ಹಾಲಿಲ್ಲದ ಚಾವೇ ಗತಿ.

ನಾನಿರುವುದು ಆಖೆನ್‌ನಲ್ಲಿ. ಜರ್ಮನಿಯ ಪಶ್ಚಿಮದ ತುದಿ. 2023ರ ಅಕ್ಟೋಬರಿನಲ್ಲಿ ಬಂದೆ. ಬೋಧನಾ ಶುಲ್ಕ ಇಲ್ಲ ಅನ್ನುವುದು ನಿಜ, ಆದರೆ ವರ್ಷದ ಖರ್ಚಿನ ಹಣವನ್ನು ಮೊದಲೇ ಒಂದು ಖಾತೆಯಲ್ಲಿ ಕಟ್ಟಿಟ್ಟು ತೋರಿಸದೆ ವೀಸಾ ಕೊಡುವುದಿಲ್ಲ. ನಾನು ಬರುವಾಗ ಅದು 11,208 ಯೂರೋ ಇತ್ತು, ಅಂದರೆ ಹತ್ತು ಲಕ್ಷ ರೂಪಾಯಿಯಷ್ಟು. ಅದರಿಂದ ತಿಂಗಳಿಗೆ 934 ಯೂರೋ ನಮ್ಮ ಕೈಗೆ ಬರುತ್ತಿತ್ತು. ಬಾಡಿಗೆ, ಆರೋಗ್ಯ ವಿಮೆ ಎಲ್ಲ ಅದರಲ್ಲೇ. ಸಾಲದ್ದಕ್ಕೆ ವಾರಕ್ಕೆ ಎರಡು ರಾತ್ರಿ ಒಂದು ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುತ್ತೇನೆ. ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನು ಚೀಲದಲ್ಲಿ ತುಂಬಿ ಅಂಗಡಿಯ ಮಿಷನ್ನಿಗೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್. ಮೊದಲ ತಿಂಗಳು ನಾಚಿಕೆ ಆಗುತ್ತಿತ್ತು, ಈಗ ಲೆಕ್ಕ ಹಾಕುತ್ತೇನೆ: ನಾಲ್ಕು ಬಾಟಲಿಗೆ ಒಂದು ಯೂರೋ. ಅಕ್ಕಿ ಸಿಗುತ್ತದೆ, ಕುಚ್ಚಲಕ್ಕಿ ಅಲ್ಲ. "ಪಾರ್‌ಬಾಯಿಲ್ಡ್" ಅಂತ ಬರೆದದ್ದನ್ನು ನೋಡಿ ಆಸೆಯಿಂದ ತಂದು ಗಂಜಿ ಮಾಡಲು ಹೋದೆ. ಅದು ಗಂಜಿ ಆಗಲು ಒಪ್ಪಲೇ ಇಲ್ಲ, ಒಂದೊಂದು ಅಗುಳೂ ಬೇರೆ ಬೇರೆಯಾಗಿ ಕೂತುಬಿಟ್ಟಿತು.

ಪ್ರತಿ ಭಾನುವಾರ ಮನೆಗೆ ವಿಡಿಯೋ ಕಾಲ್. ಯಾವ ಜಾಗದ ಫೋಟೋ ಕಳಿಸಿದರೂ ಅಪ್ಪನದ್ದು ಒಂದೇ ಪ್ರಶ್ನೆ. "ಹೋಗಲಿಕ್ಕೆ ಎಷ್ಟಾಯ್ತು?" ಹಾಗಾಗಿ ದುಡ್ಡು ಕೊಡದೆ ನೋಡುವ ಜಾಗಗಳಲ್ಲಿ ನಾನೀಗ ಪಂಡಿತ. ಊರ ನಡುವೆ ಎಲಿಸನ್‌ಬ್ರುನ್ನನ್ ಅಂತ ಒಂದು ಕಂಬಗಳ ಮಂಟಪ ಉಂಟು. ಅಲ್ಲಿ ನಲ್ಲಿಯಿಂದ ಬಿಸಿನೀರು ಸುರಿಯುತ್ತದೆ, ನೆಲದೊಳಗಿಂದ ಬರುವ ಗಂಧಕದ ನೀರು, ಕೊಳೆತ ಮೊಟ್ಟೆಯ ವಾಸನೆ. ಈ ನೀರಿಗಾಗಿಯೇ ರೋಮನರು ಇಲ್ಲಿ ಬಂದು ಕೂತರಂತೆ. ಪುತ್ತೂರಿನವನಾದ ನನಗೆ ನೆನಪಾದದ್ದು ಇರ್ದೆಯ ಬೆಂದ್ರ್ ತೀರ್ಥ. (ಗೊತ್ತಿಲ್ಲದವರಿಗೆ: ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು.) ಅಜ್ಜಿಗೆ ಹೇಳಿದೆ. "ಗಂಟುನೋವಿಗೆ ಒಳ್ಳೆಯದು, ಒಂದು ಕುಪ್ಪಿ ತೆಗೆದುಕೊಂಡು ಬಾ" ಅಂದರು. ಏರ್‌ಪೋರ್ಟಿನಲ್ಲಿ ಹಿಡಿದರೆ ಏನು ಹೇಳುವುದು!

ಪಕ್ಕದಲ್ಲೇ ಶಾರ್ಲಮೇನ್ ಕಟ್ಟಿಸಿದ ಕೆಥೆಡ್ರಲ್. ಅವನು ಸತ್ತದ್ದು 814ರಲ್ಲಿ, ಅಲ್ಲೇ ಸಮಾಧಿ. 1978ರಲ್ಲಿ ಯುನೆಸ್ಕೊ ಮಾಡಿದ ಮೊತ್ತಮೊದಲ ಪಟ್ಟಿಯಲ್ಲೇ ಇದೂ ಇತ್ತು. ಮೇಲಿನ ಮಹಡಿಯಲ್ಲಿ ಸಿಂಹಾಸನ ಇದೆ, ಅದನ್ನು ನೋಡಲು ಮಾತ್ರ ಗೈಡ್ ಜೊತೆ ದುಡ್ಡು ಕೊಟ್ಟು ಹೋಗಬೇಕು. ಒಮ್ಮೆ ಹೋದೆ. ಮೈಸೂರಿನ ದಸರಾ ಸಿಂಹಾಸನ ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಅಲ್ಲಿರುವುದು ಅಮೃತಶಿಲೆಯ ಕೆಲವು ಹಲಗೆ ಜೋಡಿಸಿದ ಕುರ್ಚಿ. ಒಂದು ಚೂರು ಚಿನ್ನ ಇಲ್ಲ. ಆದರೂ 936ರಿಂದ 1531ರವರೆಗೆ ಸುಮಾರು ಮೂವತ್ತು ರಾಜರ ಪಟ್ಟಾಭಿಷೇಕ ಈ ಕಟ್ಟಡದಲ್ಲಿ ಆಗಿದೆ. ನನಗೆ ಇಷ್ಟವಾಯಿತು. ಅಪ್ಪನಿಗೆ ದುಡ್ಡು ದಂಡ ಅನ್ನಿಸಿತು.

ಅಪ್ಪ ಖರ್ಚು ಕೇಳುವುದನ್ನೇ ಮರೆತದ್ದು ಒಂದೇ ಜಾಗಕ್ಕೆ. 2025ರ ಮೇ ತಿಂಗಳಲ್ಲಿ ಬಸ್ ಹತ್ತಿ (ಬಸ್ಸಿನ ಪಾಸು ಸೆಮಿಸ್ಟರ್ ಫೀಸಿನಲ್ಲೇ ಸೇರಿದೆ) ಗಡಿಯಾಚೆ ಫಾಲ್ಸ್ ಅನ್ನುವ ಡಚ್ ಊರಿನಲ್ಲಿ ಇಳಿದು ಗುಡ್ಡ ಹತ್ತಿದೆ. ಮೇಲೆ ಜರ್ಮನಿ, ನೆದರ್ಲೆಂಡ್ಸ್, ಬೆಲ್ಜಿಯಂ ಮೂರೂ ಸೇರುವ ಬಿಂದು. ಗುಡ್ಡದ ಎತ್ತರ 322 ಮೀಟರ್. ಯುರೋಪಿನೊಳಗಿನ ನೆದರ್ಲೆಂಡ್ಸಿಗೆ ಅದೇ ಅತಿ ಎತ್ತರದ ಜಾಗವಂತೆ, ಕುಮಾರಪರ್ವತ ಹತ್ತಿದವರು ನಗಬೇಡಿ. ಬೇಲಿ ಇಲ್ಲ, ಪೊಲೀಸ್ ಇಲ್ಲ. ಒಂದು ಗಡಿಗಲ್ಲು, ಅದರ ಸುತ್ತ ಮಕ್ಕಳು "ನಾನು ಮೂರು ದೇಶದಲ್ಲಿ ಇದ್ದೇನೆ" ಅಂತ ಓಡುತ್ತಿದ್ದರು. ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದೆ.

"ಅಗಳು ಇಲ್ವಾ?" ಅಪ್ಪ ಕೇಳಿದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟಕ್ಕೂ ತೋಟಕ್ಕೂ ನಡುವೆ ತೋಡಿದ ಕಂದಕ, ಅದೇ ಗಡಿ. ನಮ್ಮ ಮತ್ತು ಆಚೆಮನೆಯವರ ಅಗಳಿನ ತಕರಾರು ಅಜ್ಜನ ಕಾಲದ್ದು. ಹನ್ನೊಂದು ಅಡಿಕೆ ಮರ, ಒಂದು ಬಕ್ಕೆ ಹಲಸು ಇರುವ ಒಂದು ತುಂಡು ಜಾಗ. ನಾನು ಕಂಡಂತೆ ಅಪ್ಪ ಪುತ್ತೂರು ಕೋರ್ಟಿಗೆ ಹೋಗುವ ದಿನ ಮಾತ್ರ ಇಸ್ತ್ರಿ ಹಾಕಿದ ಅಂಗಿ ಹಾಕುತ್ತಿದ್ದರು.

ಹಾಗಾಗಿ ಅವರಿಗೆ ಮೊರೆಸ್ನೆಟ್ ಕಥೆ ಹೇಳಿದೆ. ನೆಪೋಲಿಯನ್ ಸೋತ ಮೇಲೆ ಗಡಿ ಎಳೆಯುವಾಗ ಇಲ್ಲೇ ಹತ್ತಿರ ಒಂದು ಸತುವಿನ ಗಣಿ ಇತ್ತು. ಪ್ರಶ್ಯಕ್ಕೂ ಬೇಕು, ನೆದರ್ಲೆಂಡ್ಸಿಗೂ ಬೇಕು. ಇತ್ಯರ್ಥ ಆಗದೆ 1816ರಲ್ಲಿ ಆ ಮೂರೂವರೆ ಚದರ ಕಿಲೋಮೀಟರ್ ಜಾಗವನ್ನು ಯಾರಿಗೂ ಸೇರದ ತುಂಡು ಅಂತ ಬಿಟ್ಟರು. ಆಮೇಲೆ ಬೆಲ್ಜಿಯಂ ಬೇರೆ ದೇಶವಾಯಿತು, ಈ ಗುಡ್ಡದ ಮೇಲೆ ಮೂರಲ್ಲ, ನಾಲ್ಕು ಗಡಿ ಸೇರುತ್ತಿದ್ದವು. 1908ರಲ್ಲಿ ಕೆಲವರು ಅಲ್ಲಿ ಎಸ್ಪೆರಾಂಟೊ ಭಾಷೆಯದ್ದೇ ಒಂದು ರಾಜ್ಯ ಮಾಡಲು ಹೊರಟಿದ್ದರು! ತಮಾಷೆ ಏನೆಂದರೆ ಗಣಿಯ ಸತು 1885ಕ್ಕೇ ಮುಗಿದಿತ್ತು. ಆದರೂ ತುಂಡು ಹಾಗೇ ಉಳಿದು, 1920ರಲ್ಲಿ ಬೆಲ್ಜಿಯಂ ಪಾಲಾಯಿತು.

"ನೂರ ನಾಲ್ಕು ವರ್ಷ!" ಅಪ್ಪ ಹೊಟ್ಟೆ ತುಂಬ ನಕ್ಕರು. "ನಮ್ಮದು ಎಷ್ಟೋ ವಾಸಿ." ಸ್ವಲ್ಪ ಹೊತ್ತು ಬಿಟ್ಟು, "ನಮ್ಮದು ಮುಗಿಯಿತಲ್ಲ" ಅಂದರು.

"ಯಾವಾಗ?"

"ನೀನು ಹೋಗುವ ಮೊದಲೇ. ಲೋನಿಗೆ ತೋಟ ಅಡವು ಇಡುವಾಗ ಬ್ಯಾಂಕಿನ ವಕೀಲರು ನೋಡಿದರು. ಕೋರ್ಟಿನಲ್ಲಿ ಇರುವ ಜಾಗ ಆಗುವುದಿಲ್ಲ ಅಂದರು. ಆಚೆಮನೆಗೆ ಹೋಗಿ ಕೂತು ಮಾತಾಡಿದೆ. ರಾಜಿ ಆಯ್ತು, ಅಗಳು ಅವರು ಹೇಳಿದಲ್ಲಿಗೆ. ಮತ್ತೆಂತ ಮಾಡುವುದು, ನಿನಗೆ ವೀಸಾದ ತಾರೀಕು ಹತ್ತಿರ ಇತ್ತು."

ನನಗೆ ಒಬ್ಬರೂ ಹೇಳಿರಲಿಲ್ಲ. ಅಮ್ಮ ಪಕ್ಕದಲ್ಲೇ ಕೂತಿದ್ದವರು ಎದ್ದು ಒಳಗೆ ಹೋದರು. ಇಲ್ಲಿ ಗಡಿಗಲ್ಲಿನ ಹತ್ತಿರ ಯಾರೋ ಫೋಟೋ ತೆಗೆದುಕೊಡಿ ಅಂತ ಮೊಬೈಲ್ ಚಾಚಿದರು, ನಾನು ಸುಮ್ಮನೆ ತಲೆ ಅಲ್ಲಾಡಿಸಿದೆ.

"ಹಲಸು?" ಅಂದೆ. ಕೇಳಲು ಬೇರೇನೂ ಹೊಳೆಯಲಿಲ್ಲ.

"ಅದು ಆಚೆಗೆ ಹೋಯ್ತು. ಈ ಸಲ ಒಳ್ಳೆ ಬಿಟ್ಟಿದೆ. ನಿನ್ನೆ ಅವರೇ ಎರಡು ಹಣ್ಣು ಹೊತ್ತು ತಂದು ಕೊಟ್ಟರು. ಅಮ್ಮ ಹಪ್ಪಳಕ್ಕೆ ಒಂದು ಕಾಯಿಯೂ ಕೇಳಿದ್ದಾಳೆ."