ಬಂಜಾರಾ ಗುಡ್ಡದ ಕಣ್ಣಿನ ಮನೆ

ಹೈದರಾಬಾದಿನ ಬಂಜಾರಾ ಹಿಲ್ಸ್ ಎಂದರೆ ಸಿರಿವಂತರ ಬಂಗಲೆಗಳ, ಒಡವೆ ಅಂಗಡಿಗಳ, ದೊಡ್ಡ ಹೋಟೆಲುಗಳ ಬಡಾವಣೆ. ಅಲ್ಲಿನ 2ನೇ ನಂಬರ್ ರಸ್ತೆಯಲ್ಲಿ ಮಾತ್ರ ಬೇರೆ ತೆರನ ಜನ ಕಾಣಸಿಗುತ್ತಾರೆ. ಮೊಮ್ಮಗನ ಹೆಗಲು ಹಿಡಿದು ನಡೆಯುವ ಅಜ್ಜಿ, ಕಣ್ಣಿಗೆ ಪಟ್ಟಿ ಕಟ್ಟಿದ ಕೂಲಿಯಾಳು, ಮಗುವನ್ನೆತ್ತಿಕೊಂಡ ತಾಯಿ. ರಾಯಚೂರು, ಬೀದರ, ಕಲಬುರಗಿ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಆದ್ದರಿಂದ ಈ ಗುಂಪಿನಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದರೂ ಅಚ್ಚರಿಯಿಲ್ಲ. ಇವರೆಲ್ಲ ಹೊರಟಿರುವುದು ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಗೆ.

ಹೆಸರು ಸಿನಿಮಾದವರದು. ಹಿಂದಿಯ ಮೊದಲ ವಾಕ್ಚಿತ್ರ ‘ಆಲಂ ಆರಾ’, ತಮಿಳಿನ ‘ಕಾಳಿದಾಸ್’, ತೆಲುಗಿನ ‘ಭಕ್ತ ಪ್ರಹ್ಲಾದ’ ಈ ಮೂರರಲ್ಲೂ ನಟಿಸಿ, ಮುಂದೆ ನಿರ್ದೇಶಕ, ನಿರ್ಮಾಪಕರಾಗಿ ಬೆಳೆದವರು ಪ್ರಸಾದ್. 1982ರಲ್ಲಿ ಫಾಲ್ಕೆ ಪ್ರಶಸ್ತಿ ಪಡೆದವರು. 1981ರ ತಮಿಳು ಚಿತ್ರ ‘ರಾಜ ಪಾರ್ವೈ’ಯಲ್ಲಿ ನಾಯಕ ಕಮಲ್‌ಹಾಸನ್ ಅಂಧ ಪಿಟೀಲು ವಾದಕನಾದರೆ, ನಾಯಕಿಯ ತಾತನಾಗಿ ನಟಿಸಿದವರು ಇವರೇ. ಕಾಕತಾಳೀಯವೋ ಏನೋ, ಕೆಲವೇ ವರ್ಷಗಳಲ್ಲಿ ಅವರ ಕುಟುಂಬ ಕಣ್ಣಾಸ್ಪತ್ರೆಗೆಂದು ಈ ಗುಡ್ಡದ ಮೇಲೆ 5 ಎಕರೆ ಜಾಗವನ್ನೂ 1 ಕೋಟಿ ರೂಪಾಯಿಯನ್ನೂ ಕೊಟ್ಟಿತು. ಅಮೆರಿಕದ ರಾಚೆಸ್ಟರ್‌ನಲ್ಲಿದ್ದ ಡಾ. ಗುಳ್ಳಪಲ್ಲಿ ನಾಗೇಶ್ವರ ರಾವ್ ಕೆಲಸ ಬಿಟ್ಟು ಊರಿಗೆ ಮರಳಿದರು. 1987ರಲ್ಲಿ ಸಂಸ್ಥೆಯ ಬಾಗಿಲು ತೆರೆಯಿತು.

ಇಲ್ಲಿಗೆ ಬರುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ಹಣ ಕೊಡುವುದಿಲ್ಲ. ಕೊಡಬಲ್ಲವರ ಶುಲ್ಕ ಕೊಡಲಾರದವರ ಚಿಕಿತ್ಸೆಗೂ ಆಗಿಬರುತ್ತದೆ. ಹಾಗಾದರೆ ದೇಣಿಗೆ ಏತಕ್ಕೆ? ಪೊರೆ ತೆಗೆಸಿಕೊಳ್ಳಲು ಬಂದವರು ಅದಕ್ಕೆ ಹಣ ಕಟ್ಟಿಯಾರು. ಹತ್ತು ವರ್ಷದ ಮೇಲೆ ಫಲ ಕೊಟ್ಟರೂ ಕೊಟ್ಟೀತು, ಕೊಡದಿದ್ದರೂ ಇಲ್ಲ ಎಂಬಂಥ ಪ್ರಯೋಗಕ್ಕೆ ಯಾವ ರೋಗಿ ಕಟ್ಟುತ್ತಾನೆ? ದಾನಿಗಳ ಹಣಕ್ಕೆ ನಿಜವಾದ ಕೆಲಸವಿರುವುದು ಅಲ್ಲಿಯೇ. ಹೈದರಾಬಾದ್ ಐ ರಿಸರ್ಚ್ ಫೌಂಡೇಶನ್ ಎಂಬ ದತ್ತಿಯ ನೆರವಿನಿಂದ ನಡೆದ ಒಂದು ಸಂಶೋಧನೆಯನ್ನು ನೋಡಿದರೆ ಇದು ತಿಳಿಯುತ್ತದೆ.

ಎಲೆಯಡಿಕೆಗೆ ಬಳಸುವ ಸುಣ್ಣ ನಮ್ಮ ಮನೆಗಳಲ್ಲಿ ಯಾರೂ ಹೆದರದ ವಸ್ತು. ಪೊಟ್ಟಣ ಹಿಡಿದು ಆಡುವ ಮಗು ಅದನ್ನು ಹಿಸುಕಿದರೆ ಸುಣ್ಣ ನೇರ ಕಣ್ಣಿಗೆ ಚಿಮ್ಮುತ್ತದೆ. ತಕ್ಷಣ ಧಾರಾಳ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರ ಬಳಿಗೆ ಓಡಬೇಕು. ಸುಣ್ಣ ಕ್ಷಾರ, ಕಣ್ಣಿನ ಒಳಪದರಗಳಿಗೂ ಇಳಿದು ಸುಡುತ್ತದೆ. ಕಪ್ಪುಗುಡ್ಡೆಯ ಮುಂದಿರುವ ಗಾಜಿನಂಥ ಪದರವೇ ಕಾರ್ನಿಯಾ. ಅದರ ಅಂಚಿನ ಉಂಗುರದಲ್ಲಿ ಅಡಗಿರುವ ಆಕರ ಕೋಶಗಳು ದಿನವೂ ಅದಕ್ಕೆ ಹೊಸ ಹೊದಿಕೆ ನೇಯುತ್ತಿರುತ್ತವೆ. ಸುಣ್ಣ ಆ ಉಂಗುರವನ್ನೇ ಸುಟ್ಟರೆ ನೇಯುವವರೇ ಇಲ್ಲವಾಗಿ, ಬಿಳಿಭಾಗದ ಪೊರೆ ರಕ್ತನಾಳಗಳೊಂದಿಗೆ ಕಾರ್ನಿಯಾದ ಮೇಲೆ ಹಬ್ಬುತ್ತದೆ. ಬೇರೆಯವರ ಕಾರ್ನಿಯಾ ತಂದು ಹೊಲಿದರೂ ಅದು ನಿಲ್ಲದು.

ಡಾ. ವೀರೇಂದ್ರ ಸಾಂಗ್ವಾನ್ ಮತ್ತು ಸಂಗಡಿಗರು ಇಲ್ಲಿ 2001ರಿಂದ ಹಿಡಿದ ದಾರಿ ಇದು: ರೋಗಿಯ ಒಳ್ಳೆಯ ಕಣ್ಣಿನ ಅಂಚಿನಿಂದ ಸಣ್ಣ ಚೂರು ತೆಗೆದು, ಗರ್ಭಕೋಶದಲ್ಲಿ ಶಿಶುವನ್ನು ಸುತ್ತಿರುವ ಪೊರೆಯ ಮೇಲೆ ಪ್ರಯೋಗಾಲಯದಲ್ಲಿ ಬೆಳೆಸಿ, ಸುಟ್ಟ ಕಣ್ಣಿಗೆ ಹೊದಿಸುವುದು. ಆ ಪೊರೆಯೂ ದಾನವೇ. ಹೆರಿಗೆಯಾದ ತಾಯಂದಿರು ಕೊಟ್ಟದ್ದು. 2011ರಲ್ಲಿ ಪ್ರಕಟವಾದ 200 ರೋಗಿಗಳ ವರದಿಯಲ್ಲಿ 71 ಶೇಕಡಾ ಮಂದಿಗೆ ಕಣ್ಣಿನ ಮೇಲ್ಮೈ ನೆಟ್ಟಗಾಗಿತ್ತು.

ಆದರೆ ಅಂಥ ಪ್ರಯೋಗಾಲಯ ಎಲ್ಲ ಊರಿನಲ್ಲೂ ಎಲ್ಲಿಂದ ಬರಬೇಕು? ಹಾಗಾಗಿ ತಾವೇ ಕಟ್ಟಿದ ಪ್ರಯೋಗಾಲಯವನ್ನು ಬದಿಗಿರಿಸುವ ಉಪಾಯವನ್ನೂ ಈ ತಂಡವೇ ಹುಡುಕಿತು. ಆ ಚೂರನ್ನು ಇನ್ನೂ ಸಣ್ಣ ತುಣುಕುಗಳಾಗಿಸಿ, ಸುಟ್ಟ ಕಣ್ಣಿನ ಮೇಲೆ ಹಾಸಿದ ಪೊರೆಗೆ ಅಲ್ಲಲ್ಲಿ ಅಂಟಿಸಿದರಾಯಿತು. ಮಡಿಯಿಂದ ಪೈರು ಕಿತ್ತು ಗದ್ದೆಯಲ್ಲಿ ನೆಟ್ಟ ಹಾಗೆ. ಬೆಳೆಯುವ ಕೆಲಸ ಕಣ್ಣಿನದೇ. 2012ರಲ್ಲಿ ಪ್ರಕಟವಾದ ಈ ವಿಧಾನಕ್ಕೆ ಒಂದೇ ಶಸ್ತ್ರಚಿಕಿತ್ಸೆ ಸಾಕು, ಖರ್ಚೂ ಕಡಿಮೆ. 2016ರಲ್ಲಿ 125 ಕಣ್ಣುಗಳ ಫಲಿತಾಂಶ ಹೊರಬಂದಾಗ 76 ಶೇಕಡಾ ಯಶಸ್ಸು ಕಂಡಿತ್ತು. ಇಂದು ಬೇರೆ ದೇಶಗಳ ವೈದ್ಯರೂ ಇದನ್ನು ಅನುಸರಿಸುತ್ತಿದ್ದಾರೆ.

ಇದೇ ಆವರಣದಲ್ಲಿರುವ ರಾಮಾಯಮ್ಮ ನೇತ್ರ ಬ್ಯಾಂಕ್ 1989ರದು. ಅಲ್ಲಿ ಸಂಗ್ರಹವಾಗುವುದು ರೂಪಾಯಿಯಲ್ಲ, ಕಣ್ಣು. ಸಾವಿನ ಬಳಿಕ ಸುಮಾರು ಆರು ಗಂಟೆಯೊಳಗೆ ಪಡೆಯಬೇಕು. ಕನ್ನಡಕ ಹಾಕಿದವರೂ, ಪೊರೆಯ ಶಸ್ತ್ರಚಿಕಿತ್ಸೆ ಆದವರೂ ಕೊಡಬಹುದು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯೂ ಸಿನಿಮಾದವರೇ ಮುಂದು: 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಮಗ ಪುನೀತ್, ಇಬ್ಬರ ಕಣ್ಣುಗಳೂ ದಾನವಾದವು. ಪುನೀತ್ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಜೋಡಿಸಿದ್ದು ಬೆಂಗಳೂರಿನ ನಾರಾಯಣ ನೇತ್ರಾಲಯ.

ಎರಡೂ ಕಣ್ಣು ಸುಟ್ಟುಕೊಂಡವರ ಕಷ್ಟ ಇನ್ನೂ ಪೂರ್ತಿ ಬಗೆಹರಿದಿಲ್ಲ. ಚೂರು ತೆಗೆಯಲು ಅವರಲ್ಲಿ ಒಳ್ಳೆಯ ಕಣ್ಣೇ ಇರುವುದಿಲ್ಲ. ರಕ್ತಸಂಬಂಧಿಯ ಇಲ್ಲವೇ ಮೃತ ದಾನಿಯ ಕಣ್ಣಿನಿಂದ ಅಂಗಾಂಶ ತಂದರೆ, ದೇಹ ಅದನ್ನು ಹೊರದೂಡದಂತೆ ದೀರ್ಘಕಾಲ ಔಷಧಿ ನುಂಗಬೇಕು. ಆ ಔಷಧಿಗಳಿಗೆ ಅವುಗಳದೇ ಅಪಾಯಗಳಿವೆ. ಸುಣ್ಣದ ಪೊಟ್ಟಣವಂತೂ ಈಗಲೂ ಬೀಡಾ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ.