ಮಂದ್ರದ ಮನೆಗಳು

ನಾಟಕದ ರಾತ್ರಿ ಜನರ ಕಣ್ಣೆಲ್ಲ ಕೃಷ್ಣನ ಕಿರೀಟದ ಮೇಲಿದ್ದರೆ, ನನ್ನ ಕಣ್ಣು ರಂಗದ ಪಕ್ಕದಲ್ಲಿ ಕೂತ ಹಾರ್ಮೋನಿಯಂ ಮೇಷ್ಟ್ರ ಎಡಗೈ ಮೇಲೆ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ‘ಕುರುಕ್ಷೇತ್ರ’ ಬೆಳಗಿನ ಜಾವದವರೆಗೆ ನಡೆಯುತ್ತದೆ. ಬೇಸಾಯಗಾರರು, ಅಂಗಡಿಯವರು ಕೈಯಿಂದ ದುಡ್ಡು ಹಾಕಿ ಪಾತ್ರ ಕಟ್ಟುತ್ತಾರೆ. ಅವರ ಗಂಟಲನ್ನು ಕಂದಪದ್ಯಕ್ಕೆ ಪಳಗಿಸುವವರು ಈ ಮೇಷ್ಟ್ರು.

ನಾನೂ ಲೆಗ್ ಹಾರ್ಮೋನಿಯಂ ನುಡಿಸುತ್ತೇನೆ. ತಿದಿಯ ಕೆಲಸವನ್ನು ಪಾದಗಳು ವಹಿಸಿಕೊಳ್ಳುವುದರಿಂದ ಕೈ ಎರಡೂ ಬಿಡುವು. ಬಲಗೈ ಹಾಡಿನ ಬೆನ್ನು ಹತ್ತುತ್ತದೆ, ಎಡಗೈ ಮಂದ್ರದ ಷಡ್ಜ, ಪಂಚಮ ಹಿಡಿದು ಕೂರುತ್ತದೆ. ಅಲ್ಲೇ ನನ್ನ ಸುಖವಿರುವುದು. ಖರ್ಜದ, ಅಂದರೆ ತಗ್ಗು ಸ್ವರದ, ರೀಡು ನಡುಗುವಾಗ ಮರದ ಪೆಟ್ಟಿಗೆಯೇ ನಡುಗುತ್ತದೆ, ಆ ನಡುಕ ಮೊಣಕಾಲಿಗೆ ಹತ್ತುತ್ತದೆ. ಪಾದ ಸ್ವಲ್ಪ ಸಡಿಲಿಸಿದರೆ ಸ್ವರ ತಗ್ಗುತ್ತದೆ, ಒತ್ತಿದರೆ ಉಕ್ಕುತ್ತದೆ. ಉಸಿರು ಹಿಡಿದು ಹಾಡುವವನ ಹಾಗೆ ನುಡಿಸಬೇಕು.

1940ರಲ್ಲಿ ಆಕಾಶವಾಣಿ ಈ ವಾದ್ಯವನ್ನು ಹೊರಗಿಟ್ಟಿತು. ಗಮಕ ಬಾರದು, ಸ್ವರಸ್ಥಾನ ನಮ್ಮದಲ್ಲ ಎಂಬ ವಾದ. 1971ರಲ್ಲಿ ಕಟ್ಟು ಸಡಿಲವಾಯಿತು. ವಾದದಲ್ಲಿ ಸತ್ಯವಿದೆ, ಆದರೆ ಅದು ಪೂರ್ಣ ಸತ್ಯವಲ್ಲ. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ, ಗುಬ್ಬಿ ವೀರಣ್ಣನವರ ಕೈಯಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನು ತಂದಿತು. ಅಂಥ ಸಡಗರದ ನಡುವೆಯೂ ಹಾಡು ನಿಂತದ್ದು ಈ ಪೆಟ್ಟಿಗೆಯ ಆಧಾರದ ಮೇಲೆ.

ಅಡಿಯ ಸ್ವರದ ಮೋಹವೇ ನನ್ನನ್ನು ಫಿನ್ಲೆಂಡಿನ ಪೆಕ್ಕ ಪೊಹ್ಯೋಲನವರೆಗೆ ಒಯ್ದಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿ, ಪಿಯಾನೋ, ಪಿಟೀಲು ಕಲಿತು, 1970ರಲ್ಲಿ ‘ವಿಗ್ವಾಮ್’ ತಂಡಕ್ಕೆ ಬಾಸ್ ಗಿಟಾರ್ ಹಿಡಿದು ಬಂದವನು. 1974ರಲ್ಲಿ ತಂಡ ಬಿಟ್ಟು ತನ್ನದೇ ಸಂಗೀತ ಕಟ್ಟಿದ, 2008ರಲ್ಲಿ ತೀರಿಕೊಂಡ. ಬೇರೆಯವರ ಹಿಂದೆ ನಡೆಯಬೇಕಾದ ಬಾಸ್ ಅವನ ಕೈಯಲ್ಲಿ ತಾನೇ ರಾಗ ಹಾಡುತ್ತದೆ. ಅವನನ್ನು ಕೇಳಿದ ಮೇಲೆ ನನ್ನ ಎಡಗೈಗೂ ಆಸೆ ಹುಟ್ಟಿತು. ಷಡ್ಜದಲ್ಲೇ ಕೂರದೆ, ನಟ ಉಸಿರೆಳೆದುಕೊಳ್ಳುವ ಬಿಡುವಿನಲ್ಲಿ ಮಂದ್ರದಲ್ಲಿ ಮೋಹನ ರಾಗದ ಒಂದು ಏಣಿ ಹತ್ತಿ ಇಳಿಯುತ್ತೇನೆ.

ಆದರೂ ಮೇಷ್ಟ್ರ ನಿಜವಾದ ವಿದ್ಯೆ ಬೇರೆ. ರಾತ್ರಿ ಎಂಟಕ್ಕೆ ಕಪ್ಪು ಒಂದರ ಶ್ರುತಿಯಲ್ಲಿ ಮೊಳಗಿದ ದುರ್ಯೋಧನನ ಗಂಟಲು ಮೂರು ಗಂಟೆಯ ಹೊತ್ತಿಗೆ ಒಡೆದು ಒಂದು ಮನೆ, ಅಂದರೆ ಹಾರ್ಮೋನಿಯಂನ ಒಂದು ಕೀಲಿಯಷ್ಟು, ಕೆಳಗೆ ಜಾರಿರುತ್ತದೆ. ಈಗಿನ ಕೀಬೋರ್ಡಿನಲ್ಲಿ ಗುಂಡಿ ಒತ್ತಿದರೆ ಶ್ರುತಿ ಬದಲಾಗುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಗುಂಡಿಯಿಲ್ಲ. ರಾಗದ ಎಲ್ಲ ಸ್ವರಗಳನ್ನೂ ಬೆರಳಿನಲ್ಲೇ ಒಂದು ಮನೆ ಪಕ್ಕಕ್ಕೆ ಸರಿಸಬೇಕು, ಅದೂ ಪದ್ಯದ ನಡುವೆ. ಎಡಗೈ ಮೊದಲು ಕೆಳಗಿಳಿದು ಹೊಸ ಷಡ್ಜ ಊರುತ್ತದೆ, ಆಮೇಲೆ ಬಲಗೈ. ಜಾರಿದ ದುರ್ಯೋಧನ ಅಲ್ಲಿ ಕಾಲೂರಿ ಮತ್ತೆ ಗದೆ ಎತ್ತುತ್ತಾನೆ, ಚಪ್ಪಾಳೆ ಅವನಿಗೇ ಬೀಳುತ್ತದೆ.