ಒಂದು ಮಾರ್ಕು ವಾಪಸ್

ಒಂಬತ್ತನೇ ಕ್ಲಾಸಿನ ಟೆಸ್ಟ್ ಪೇಪರ್ ತಿದ್ದುತ್ತಾ ಕೂತಿದ್ದೆ. "ಶಿಲಾಯುಗದ ನಂತರ ಬಂದದ್ದು ಯಾವ ಯುಗ?" ಒಂದು ಮಾರ್ಕಿನ ಪ್ರಶ್ನೆ. ನಾನೇ ಬೋರ್ಡಿನ ಮೇಲೆ ಬರೆಸಿದ್ದ ಉತ್ತರ: ತಾಮ್ರ, ಆಮೇಲೆ ಕಂಚು, ಕೊನೆಗೆ ಕಬ್ಬಿಣ. ಒಬ್ಬ ಹುಡುಗಿ ಮಾತ್ರ "ಕಬ್ಬಿಣ" ಅಂತ ಬರೆದಿದ್ದಳು. ಕೆಂಪು ಇಂಕಿನಲ್ಲಿ ಇಂಟು ಹಾಕಿದೆ.

ಪೇಪರ್ ಕೊಟ್ಟಾಗ ಎದ್ದು ನಿಂತಳು. "ನಮ್ಮಟ್ಟೀಲಿ ಒಳಕಲ್ಲು ಅದ, ಕೊಡ್ಲಿ ಅದ. ತಾಮ್ರದ್ದು ಏನೂ ಇಲ್ಲ ಸಾರ್." ಕ್ಲಾಸೆಲ್ಲಾ ನಕ್ಕಿತು. ನಾನೂ ನಕ್ಕೆ.

ರಾತ್ರಿ ಯಾಕೋ ಸಮಾಧಾನವಾಗದೆ ಹಳೇ ಪುಸ್ತಕ ತೆಗೆದೆ. ನೋಡಿದರೆ ಅವಳ ಉತ್ತರವೇ ನಮ್ಮ ಕಡೆಗೆ ಸರಿ! ತಾಮ್ರ, ಕಂಚು, ಕಬ್ಬಿಣ ಅನ್ನೋ ಸಾಲು ಯುರೋಪು, ಪಶ್ಚಿಮ ಏಷ್ಯಾ ಕಡೆಯದು. ದಕ್ಷಿಣದಲ್ಲಿ ಬೇರೆಯಾಗಿ ಒಂದು ಕಂಚಿನ ಯುಗವೇ ಕಾಣುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಅಗೆದಾಗ ಕೆಳಗಿನ ಪದರದಲ್ಲಿ ಉಜ್ಜಿ ನಯಮಾಡಿದ ಕಲ್ಲಿನ ಕೊಡಲಿಗಳು, ತಾಮ್ರದ ಅಲ್ಪಸ್ವಲ್ಪ ಚೂರುಪಾರು. ಅದರ ಮೇಲೆ ಕಬ್ಬಿಣದ ಜನ. ಹಳೆಯ ಕಲ್ಲಿನ ಕೊಡಲಿಯನ್ನು ಅವರೂ ಒಮ್ಮೆಲೇ ಎಸೆದುಬಿಡಲಿಲ್ಲ.

ಕಾರಣ ಕಷ್ಟದ್ದೇನಲ್ಲ. ನಮ್ಮಲ್ಲಿ ತಾಮ್ರದ ಅದಿರು ಅಲ್ಲೊಂದು ಇಲ್ಲೊಂದು, ಕಂಚಿಗೆ ಬೇಕಾದ ತವರ ಇನ್ನೂ ಅಪರೂಪ. ಕಬ್ಬಿಣದ ಅದಿರು ಮಾತ್ರ ಧಾರಾಳ. ತಾಮ್ರ ಕರಗಲು 1085 ಡಿಗ್ರಿ ಸಾಕು, ಕಬ್ಬಿಣಕ್ಕೆ 1538 ಬೇಕು, ನಿಜ. ಆದರೆ ಕಬ್ಬಿಣ ತೆಗೆಯಲು ಅದನ್ನು ಕರಗಿಸಲೇಬೇಕೆಂದಿಲ್ಲ. ಅದಿರು, ಇದ್ದಿಲು ಕುಲುಮೆಗೆ ಹಾಕಿ ತಿದಿ ಒತ್ತಿದರೆ ಸುಮಾರು 1200 ಡಿಗ್ರಿಯಲ್ಲೇ ಕಿಟ್ಟ ಹರಿದುಹೋಗಿ, ತೂತುತೂತಾದ ಒಂದು ಮುದ್ದೆ ಉಳಿಯುತ್ತದೆ. ಕಾಯಿಸಿ ಕಾಯಿಸಿ ಬಡಿದರೆ ಅದೇ ಕೊಡಲಿ.

ಇಂಥ ಕುಲುಮೆಗಳು ಸಿಕ್ಕಿದ್ದು ಎಲ್ಲೋ ಅಲ್ಲ, ನಮ್ಮ ಈರೋಡು ಜಿಲ್ಲೆಯಲ್ಲೇ! ದಿಂಬಂ ಘಾಟಿಯ 27 ತಿರುವು ಇಳಿದು, ಪೆರುಂದುರೈ ದಾಟಿ, ನೊಯ್ಯಲ್ ದಂಡೆಯ ಕೊಡುಮಣಲ್. ಇಷ್ಟು ವರ್ಷ ಆ ಕಡೆ ಬಸ್ಸಿನಲ್ಲಿ ಓಡಾಡಿದ್ದೇನೆ, ಒಮ್ಮೆಯೂ ಇಳಿದಿಲ್ಲ.

ಇನ್ನು ಕಾಲದ ವಿಷಯ. ಹಾವೇರಿ ಜಿಲ್ಲೆಯ ಹಳ್ಳೂರಿನ ಕಬ್ಬಿಣಕ್ಕೆ ಕ್ರಿ.ಪೂ. ಸುಮಾರು 1000 ಅಂತಿದ್ದುದೇ ಒಂದು ಕಾಲಕ್ಕೆ ದೊಡ್ಡ ಸುದ್ದಿ. 2022ರಲ್ಲಿ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಗೆ ಕ್ರಿ.ಪೂ. 2172 ಎಂದರು. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಶಿವಗಳೈಗೆ ಕ್ರಿ.ಪೂ. 3345 ಎಂದು ಪ್ರಕಟಿಸಿತು. ಇದನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ಚರ್ಚೆ ನಡೆದಿದೆ.

ಅಂದಹಾಗೆ ಕಬ್ಬಿಣ ಅಂದರೆ 'ಕರಿಯ ಪೊನ್ನು', ಕರಿ ಲೋಹ. ಚೆಂಬು ನಮಗೆ ನೀರಿನ ಪಾತ್ರೆ. ತಮಿಳಿನಲ್ಲಿ ತಾಮ್ರಕ್ಕೂ ಅದೇ ಹೆಸರು. ಎರಡು ಭಾಷೆ ನಡುವೆ ಬದುಕುವ ನಮಗೆ ಇಂಥದ್ದು ಕಣ್ಣಿಗೆ ಬೀಳಬೇಕಿತ್ತು.

ಮಾರನೇ ದಿನ ಎಲ್ಲರೆದುರು ತಪ್ಪೊಪ್ಪಿಕೊಂಡು ಅವಳ ಪೇಪರ್ ಇಸಿದುಕೊಂಡು ಮಾರ್ಕು ಹಾಕಿದೆ. ಇಂಟು ಹೊಡೆದುಹಾಕಿ ಪಕ್ಕದಲ್ಲಿ ರೈಟ್. ಅವಳು ಪೇಪರನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿದಳು:

"ವರ್ಷದ ಪರೀಕ್ಷೆ ಪೇಪರೂ ನೀವೇ ತಿದ್ದೋದಾ ಸಾರ್?"